ಬ್ರಿಟಿಷರ ಕಾಲದ ನಾಣ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿಯ ಲಕ್ಷ್ಮೀಪೂಜೆಗೆ ತಟ್ಟೆಯಲ್ಲಿಡುವ ರಾಣಿ ಛಾಪಿನ ಬೆಳ್ಳಿ ರೂಪಾಯಿ ಕನ್ನಡನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಅದನ್ನು ಕೈಗೆತ್ತಿಕೊಂಡವರು ಮೊದಲು ಕೇಳುವುದು ಅದರ ಬೆಲೆಯನ್ನೇ. ಆ ಪ್ರಶ್ನೆಗೂ ಇಲ್ಲಿ ಉತ್ತರವಿದೆ, ಆದರೆ ಸ್ವಲ್ಪ ಕೆಳಗೆ. ನಾಣ್ಯದ ಮೇಲೆ ಯಾರ ಹೆಸರಿದೆ, ಯಾರ ಹೆಸರಿಲ್ಲ, ತೂಕ ಎಷ್ಟಿದೆ ಎಂಬುದನ್ನು ತಿಳಿಯದೆ ಬೆಲೆಯ ಮಾತು ಆಡುವುದರಲ್ಲಿ ಅರ್ಥವಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಹಳೆಯ ರೂಪಾಯಿಗಳ ಮೇಲೆ ಪರ್ಷಿಯನ್ ಬರಹ ಮಾತ್ರ ಇರುವುದೇಕೆ?

ಕಂಪನಿ ಮೊದಲು ತನ್ನದೇ ದಾರಿ ಹಿಡಿದು ನೋಡಿತ್ತು. 1670ರ ದಶಕದಲ್ಲಿ ಮುಂಬಯಿಯಲ್ಲಿ ಯುರೋಪಿನ ಮಾದರಿಯ ಲಾಂಛನವಿದ್ದ ನಾಣ್ಯಗಳನ್ನು ಟಂಕಿಸಿತು. ಆದರೆ ಒಳನಾಡಿನ ವ್ಯಾಪಾರಿಗೆ ಪರಿಚಯವಿದ್ದುದು, ನಂಬಿಕೆಯಿದ್ದುದು ಮೊಗಲ್ ಬಾದಶಹನ ಹೆಸರಿನ ರೂಪಾಯಿಯಲ್ಲಿ. ಹೀಗಾಗಿ 1717ರಲ್ಲಿ ಬಾದಶಹ ಫರ್ರುಖ್‌ಸಿಯರ್‌ನಿಂದ ಮುಂಬಯಿ ಟಂಕಸಾಲೆಯಲ್ಲಿ ಮೊಗಲ್ ಮಾದರಿಯ ನಾಣ್ಯ ಹೊಡೆಯುವ ಅನುಮತಿಯನ್ನು ಪಡೆದುಕೊಂಡ ಕಂಪನಿ, 1757ರ ಪ್ಲಾಸಿ ಕದನದ ಬಳಿಕ ಬಂಗಾಳದಲ್ಲಿಯೂ ಅದೇ ಹಕ್ಕನ್ನು ಗಳಿಸಿತು.

ಬಂಗಾಳದ ರೂಪಾಯಿಯ ಮೇಲಿನ ಪರ್ಷಿಯನ್ ದ್ವಿಪದಿಯ ತಾತ್ಪರ್ಯ ಹೀಗಿದೆ: ದೈವಕೃಪೆಯ ನೆರಳೂ ಮಹಮ್ಮದೀಯ ಧರ್ಮದ ರಕ್ಷಕನೂ ಆದ ಬಾದಶಹ ಶಾ ಆಲಂ ಏಳು ಖಂಡಗಳಿಗೆ ಸಲ್ಲುವ ನಾಣ್ಯವನ್ನು ಟಂಕಿಸಿದನು. ಇದನ್ನು ಅಚ್ಚು ಹಾಕಿಸಿದ್ದು ಲಂಡನ್ನಿನ ವ್ಯಾಪಾರಿಗಳ ಒಂದು ಕಂಪನಿ. 1803ರಲ್ಲಿ ಇದೇ ಕಂಪನಿ ದೆಹಲಿಯನ್ನು ವಶಪಡಿಸಿಕೊಂಡು ಬಾದಶಹನನ್ನು ತನ್ನ ಪಿಂಚಣಿದಾರನನ್ನಾಗಿ ಮಾಡಿಕೊಂಡಿತು. ಶಾ ಆಲಂ 1806ರಲ್ಲಿ ತೀರಿಕೊಂಡನು. ಆದರೂ ಅವನ ಹೆಸರಿನ ರೂಪಾಯಿಗಳು 1835ರವರೆಗೆ ಹೊರಬರುತ್ತಲೇ ಇದ್ದವು. ಆಳುವವರು ಬದಲಾದದ್ದು ಜನಕ್ಕೆ ಗೊತ್ತಿತ್ತು, ನಾಣ್ಯಕ್ಕೆ ಮಾತ್ರ ಗೊತ್ತಿರಲಿಲ್ಲ.

ನನ್ನಲ್ಲಿರುವ, ಬಾದಶಹನ ಹೆಸರಿನ ಹಲವು ಸಿಕ್ಕಾ ರೂಪಾಯಿಗಳಲ್ಲಿ ಒಂದೇ ವರ್ಷ ನಮೂದಾಗಿದೆ. ಎಲ್ಲವೂ ಒಂದೇ ವರ್ಷದವೇ?

ಅಲ್ಲ. ಬಂಗಾಳದ ಸಿಕ್ಕಾ ರೂಪಾಯಿಯ ಮೇಲೆ ಶಾ ಆಲಂನ ಆಳ್ವಿಕೆಯ 19ನೇ ವರ್ಷ, ಫರ್ರುಖಾಬಾದಿನದರ ಮೇಲೆ 45ನೇ ವರ್ಷ, ಸೂರತ್ತಿನದರ ಮೇಲೆ 46ನೇ ವರ್ಷ ಖಾಯಂ ಆಗಿ ನಿಂತುಬಿಟ್ಟವು. ಇದಕ್ಕೆ ಕಾರಣ ನಾಣ್ಯ ವಿನಿಮಯ ಮಾಡುವ ಚಿನಿವಾರರ ವಟ್ಟ, ಅಂದರೆ ಅವರು ಹಿಡಿಯುತ್ತಿದ್ದ ಕಡಿತ. ಹೊಸ ವರ್ಷದ ರೂಪಾಯಿಗೆ ಪೂರ್ತಿ ಬೆಲೆ ಕೊಟ್ಟು, ಒಂದೆರಡು ವರ್ಷ ಹಳೆಯದಾದ ರೂಪಾಯಿಗೆ ತೂಕ ಸರಿಯಾಗಿದ್ದರೂ ವಟ್ಟ ಹಿಡಿಯುವುದು ರೂಢಿಯಾಗಿತ್ತು. ಎಲ್ಲ ರೂಪಾಯಿಗಳ ಮೇಲೂ ಒಂದೇ ವರ್ಷವನ್ನು ಅಚ್ಚು ಹಾಕಿದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ವಿಂಗಡಿಸುವ ದಾರಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಇಂಥ ನಾಣ್ಯದ ಮೇಲಿನ ವರ್ಷವನ್ನು ನಂಬಿ ಕಾಲನಿರ್ಣಯ ಮಾಡಬಾರದು. ಅಂಚಿನ ಗೆರೆಗಳು ನೇರವಾಗಿವೆಯೇ, ಓರೆಯಾಗಿವೆಯೇ, ಅಥವಾ ಅಂಚು ನುಣುಪಾಗಿದೆಯೇ ಎಂಬುದನ್ನೂ ಸಣ್ಣ ಗುರುತುಗಳನ್ನೂ ನೋಡಬೇಕಾಗುತ್ತದೆ.

ದಕ್ಷಿಣದಲ್ಲಿಯೂ ರೂಪಾಯಿಯೇ ನಡೆಯುತ್ತಿತ್ತೇ?

ದಕ್ಷಿಣದ ಲೆಕ್ಕ ಬೇರೆ. ಇಲ್ಲಿ ವಿಜಯನಗರದ ಕಾಲದಿಂದ ಬಂದ ವರಹ, ಹಣ, ಕಾಸುಗಳ ಪದ್ಧತಿ ಗಟ್ಟಿಯಾಗಿ ಬೇರೂರಿತ್ತು. ಮದ್ರಾಸಿನ ಕಂಪನಿ ಆಡಳಿತ ಅದನ್ನೇ ಮುಂದುವರಿಸಿತು: ಒಂದು ವರಹಕ್ಕೆ 42 ಹಣ, ಒಂದು ಹಣಕ್ಕೆ 80 ಕಾಸು. ಹಿಂಬದಿಯಲ್ಲಿ ನಕ್ಷತ್ರವಿದ್ದ ಮದ್ರಾಸಿನ ನಕ್ಷತ್ರ ವರಹವನ್ನು ಸುಮಾರು ಮೂರೂವರೆ ರೂಪಾಯಿಗೆ ಸಮವೆಂದು ಎಣಿಸುತ್ತಿದ್ದರು.

ವಿನ್ಯಾಸದ ದೃಷ್ಟಿಯಿಂದ ಕಂಪನಿಯ ಅತ್ಯಂತ ಸುಂದರ ನಾಣ್ಯ ಯಾವುದೆಂದರೆ, ನನ್ನ ಮಟ್ಟಿಗೆ 1807ರ ಸುಮಾರಿಗೆ ಮದ್ರಾಸಿನಲ್ಲಿ ಯಂತ್ರದಿಂದ ಹೊಡೆದ ಚಿನ್ನದ ಎರಡು ವರಹದ ನಾಣ್ಯ. ಒಂದು ಬದಿಯಲ್ಲಿ ನಕ್ಷತ್ರಗಳ ನಡುವೆ ದೇವಾಲಯದ ಗೋಪುರ, ಇನ್ನೊಂದು ಬದಿಯಲ್ಲಿ ಚುಕ್ಕೆಗಳ ನಡುವೆ ವಿಷ್ಣು; ಸುತ್ತಲೂ ಒಂದು ಕಡೆ ಇಂಗ್ಲಿಷ್ ಮತ್ತು ಪರ್ಷಿಯನ್, ಇನ್ನೊಂದು ಕಡೆ ತಮಿಳು ಮತ್ತು ತೆಲುಗು. ನಾಲ್ಕು ಲಿಪಿಗಳನ್ನು ಅಷ್ಟು ಕಿರಿದಾದ ಜಾಗದಲ್ಲಿ ಇಕ್ಕಟ್ಟಾಗದಂತೆ ಕೂರಿಸಿದ ಅಚ್ಚಿನ ಕೆಲಸಗಾರನ ಕೈಚಳಕವನ್ನು ಭೂತಗಾಜು ಹಿಡಿದೇ ನೋಡಬೇಕು. 1818ರಲ್ಲಿ ಮದ್ರಾಸು ವರಹವನ್ನು ಬಿಟ್ಟು, 180 ಗ್ರೇನ್ (ಗ್ರೇನ್ ಎಂಬುದು ಹಳೆಯ ಇಂಗ್ಲಿಷ್ ತೂಕದ ಅಳತೆ) ತೂಕದ ಬೆಳ್ಳಿ ರೂಪಾಯಿಯನ್ನು ಲೆಕ್ಕದ ಆಧಾರವಾಗಿ ಒಪ್ಪಿಕೊಂಡಿತು.

1808ರ ಹತ್ತು ಕಾಸಿನ ತಾಮ್ರದ ನಾಣ್ಯಗಳು ಅಷ್ಟೊಂದು ಸಂಖ್ಯೆಯಲ್ಲಿ ಸಿಗುವುದು ಹೇಗೆ? ಅವು ನಕಲಿಯೇ?

ಬಹುಪಾಲು ಅಸಲಿಯೇ. ಮದ್ರಾಸಿಗಾಗಿ ಈ ತಾಮ್ರದ ಕಾಸುಗಳನ್ನು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಎಂಬಲ್ಲಿ, ಮ್ಯಾಥ್ಯೂ ಬೋಲ್ಟನ್ ಸ್ಥಾಪಿಸಿದ ಉಗಿಯಂತ್ರದ ಟಂಕಸಾಲೆಯಲ್ಲಿ ಹೊಡೆಯುತ್ತಿದ್ದರು. ಅವುಗಳನ್ನು ಹೊತ್ತು ಹೊರಟ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯನ್ನು ದಾಟುವ ಮೊದಲೇ ಗುಡ್ವಿನ್ ಮರಳುದಿಬ್ಬಗಳಿಗೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಅದರ ಸರಕನ್ನು ಮೇಲೆತ್ತಿದಾಗ ಲಕ್ಷಗಟ್ಟಲೆ ನಾಣ್ಯಗಳು ಸಿಕ್ಕವು. ಒಂದು ಬದಿಯಲ್ಲಿ ಕಂಪನಿಯ ಲಾಂಛನ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಬರಹದ ಕೆಳಗೆ ಇಂಗ್ಲಿಷಿನಲ್ಲಿ ‘ಎಕ್ಸ್ ಕ್ಯಾಶ್’ (ರೋಮನ್ ಅಂಕಿಯಲ್ಲಿ ಹತ್ತು ಕಾಸು) ಎಂಬ ಬೆಲೆ ಇರುವ ಈ ಕಾಸುಗಳಲ್ಲಿ ಹಲವು ಸಮುದ್ರದ ಉಪ್ಪಿನಿಂದ ತೂತುತೂತಾಗಿದ್ದರೆ, ಗಂಟಿನ ಒಳಭಾಗದಲ್ಲಿದ್ದವು ಈಗಲೂ ಹೊಳಪು ಉಳಿಸಿಕೊಂಡಿವೆ. ಯಾರ ಕೈಯಲ್ಲೂ ಚಲಾವಣೆಯಾಗದ ಚಲಾವಣೆಯ ನಾಣ್ಯಗಳಿವು.

1835ರ ಕಾಯಿದೆ ಏನನ್ನು ಬದಲಾಯಿಸಿತು?

ಹೆಚ್ಚುಕಡಿಮೆ ಎಲ್ಲವನ್ನೂ. ಬಂಗಾಳ, ಮುಂಬಯಿ, ಮದ್ರಾಸು ಪ್ರಾಂತಗಳ ಬೇರೆ ಬೇರೆ ನಾಣ್ಯಗಳ ಜಾಗದಲ್ಲಿ ಕಂಪನಿಯ ಆಡಳಿತದಲ್ಲಿದ್ದ ಇಡೀ ಪ್ರದೇಶಕ್ಕೆ ಒಂದೇ ರೂಪಾಯಿ ಬಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ; ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಈ ಸುಧಾರಣೆಯ ಮುಖ್ಯ ಪ್ರತಿಪಾದಕರಲ್ಲಿ ಒಬ್ಬನು. ಅಶೋಕನ ಶಾಸನಗಳ ಬ್ರಾಹ್ಮೀ ಲಿಪಿಯನ್ನು ಓದಿದ ಪ್ರಿನ್ಸೆಪ್ ಇವನೇ.

ಬಾದಶಹನ ಹೆಸರು ಹೋಗಿ ಇಂಗ್ಲೆಂಡಿನ ದೊರೆ ನಾಲ್ಕನೆಯ ವಿಲಿಯಂನ ಕಿರೀಟವಿಲ್ಲದ ತಲೆ ಬಂತು. ಅವನ ಹೆಸರಿನ ಮುಂದಿನ ರೋಮನ್ ಅಂಕಿಯಲ್ಲಿ ನಾಲ್ಕು ಗೆರೆಗಳನ್ನು ಸಾಲಾಗಿ ನಿಲ್ಲಿಸಿರುವುದನ್ನು ಗಮನಿಸಬಹುದು. ಹಿಂಬದಿಯಲ್ಲಿ ಎಲೆಗಳ ಮಾಲೆಯೊಳಗೆ ಇಂಗ್ಲಿಷಿನಲ್ಲಿಯೂ ಪರ್ಷಿಯನ್‌ನಲ್ಲಿಯೂ ‘ಒಂದು ರೂಪಾಯಿ’ ಎಂದಿದ್ದರೆ, ಹೊರಸುತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರಿದೆ. ಮುಖ ಪೂರ್ತಿ ಬದಲಾದರೂ ತೂಕ ಮಾತ್ರ ಮದ್ರಾಸಿನ ಹಳೆಯ ರೂಪಾಯಿಯದೇ. ಈ 180 ಗ್ರೇನ್ ತೂಕವೇ ಮುಂದೆ ಒಂದು ತೊಲೆಯ ಅಳತೆಯಾಯಿತು. ಅಕ್ಕಸಾಲಿಗರು ರೂಪಾಯಿಯನ್ನೇ ತಕ್ಕಡಿಯ ಬಟ್ಟಾಗಿ ಬಳಸಿದರು, 80 ರೂಪಾಯಿ ತೂಕಕ್ಕೆ ಒಂದು ಸೇರು ಎಂಬ ಲೆಕ್ಕವೂ ನಡೆಯಿತು. ಮುಂದಿನ ನೂರೈದು ವರ್ಷಗಳಲ್ಲಿ ರೂಪಾಯಿಯ ಮೇಲಿನ ಮುಖ, ಬಿರುದು, ಹೂಬಳ್ಳಿಗಳೆಲ್ಲ ಮತ್ತೆ ಮತ್ತೆ ಬದಲಾದವು, ಆದರೆ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ಯಾರೂ ಮುಟ್ಟಲಿಲ್ಲ. ಬ್ರಿಟಿಷರ ರೂಪಾಯಿಗೆ ಹಳ್ಳಿಯ ಸಂತೆಯವರೆಗೂ ಸಿಕ್ಕ ಮರ್ಯಾದೆ ಈ ತೂಕದ್ದೇ ಹೊರತು ಅದರ ಮೇಲಿನ ದೊರೆಗಳದ್ದಲ್ಲ.

ಆಣೆ, ಕಾಸು, ಪೈಗಳ ಲೆಕ್ಕ ಹೇಗೆ?

ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಹೀಗೆ ರೂಪಾಯಿಗೆ 192 ಪೈ. ಕಾಲಾಣೆಯ ತಾಮ್ರದ ನಾಣ್ಯಕ್ಕೆ 3 ಪೈ ಬೆಲೆಯಾದ್ದರಿಂದ ಹಳೆಯ ಮೈಸೂರಿನ ಕಡೆ ಅದನ್ನು ಮೂರು ಕಾಸು ಎನ್ನುತ್ತಿದ್ದರು. ನಾಲ್ಕಾಣೆಗೆ ಪಾವಲಿ ಎಂಬ ಹೆಸರಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ಆಣೆ ಹೋಯಿತಾದರೂ, ಹದಿನಾರಾಣೆ ಸತ್ಯ ಎನ್ನುವ ನಾಲಿಗೆಯಿಂದ ಅದು ಇನ್ನೂ ಹೋಗಿಲ್ಲ.

ಮೈಸೂರು ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತೇ?

ಇತ್ತು, 1843ರವರೆಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಚಿನ್ನದ ವರಹದ ಮೇಲೆ ಶಿವಪಾರ್ವತಿಯರೂ ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಕೃಷ್ಣರಾಜ ಎಂಬ ಹೆಸರೂ ಇವೆ. ಶಿವಪಾರ್ವತಿಯರ ಈ ಚಿತ್ರವನ್ನು ಹೈದರಾಲಿಯೂ ತನ್ನ ವರಹದ ಮೇಲೆ ಬಳಸಿದ್ದನು.

ಆದರೆ ಕನ್ನಡ ಓದುಗರು ಕೈಯಲ್ಲಿ ಹಿಡಿದು ನೋಡಬೇಕಾದದ್ದು ತಾಮ್ರದ 20 ಕಾಸಿನ ಬಿಲ್ಲೆಯನ್ನು. ಮೊದಲಿನ ಬಿಲ್ಲೆಗಳ ಮೇಲೆ ಟಿಪ್ಪುವಿನ ಕಾಲದಿಂದ ಮುಂದುವರಿದ ಆನೆ, ನಂತರದವುಗಳ ಮೇಲೆ ಸಿಂಹ. ಹಿಂಬದಿಯಲ್ಲಿ ‘ಮಯಿಲಿ ಕಾಸು 20’ ಎಂಬ ಕನ್ನಡ ಬರಹ, ಜೊತೆಗೆ ಇಂಗ್ಲಿಷಿನಲ್ಲಿ ರೋಮನ್ ಅಂಕಿಯಲ್ಲಿ ಬೆಲೆ; ಬಿಲ್ಲೆಯ ಮೇಲೆ ಚಾಮುಂಡಿಯ ಹೆಸರೂ ಇದೆ. ಕೈಯಿಂದ ಹೊಡೆದ ಬಿಲ್ಲೆಯಾದ್ದರಿಂದ ಅಚ್ಚು ಒಂದು ಪಕ್ಕಕ್ಕೆ ಸರಿದು, ಕೆಲವು ಅಕ್ಷರಗಳು ಅಂಚಿನಾಚೆ ಉಳಿದಿರುತ್ತವೆ. ಎರಡು ಮೂರು ಬಿಲ್ಲೆಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಪೂರ್ಣ ಬರಹವನ್ನು ಓದಬಹುದು. 1831ರಲ್ಲಿ ಬ್ರಿಟಿಷ್ ಕಮಿಷನರುಗಳು ಆಡಳಿತವನ್ನು ವಹಿಸಿಕೊಂಡರು, 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಸ್ಥಳಾಂತರವಾಯಿತು, ಹತ್ತು ವರ್ಷಗಳ ಬಳಿಕ ಮುಚ್ಚಿಹೋಯಿತು. 1881ರಲ್ಲಿ ರಾಜ್ಯವು ಒಡೆಯರ ಕೈಗೆ ಮರಳಿತು, ಟಂಕಸಾಲೆ ಮರಳಲಿಲ್ಲ.

ಕಲಬುರಗಿ, ರಾಯಚೂರು, ಬೀದರ್ ಕಡೆ ಯಾವ ನಾಣ್ಯ ನಡೆಯುತ್ತಿತ್ತು?

ನಿಜಾಮರ ಹಾಲಿ ಸಿಕ್ಕಾ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅದರ ಮೇಲೆ ಚಾರ್‌ಮಿನಾರ್ ಚಿತ್ರವಿದೆ. ಬ್ರಿಟಿಷ್ ರೂಪಾಯಿಯನ್ನು ಆ ಭಾಗದವರು ಕಲ್ದಾರ್ ಎಂದು ಕರೆದು ಎರಡನ್ನೂ ಬೇರೆಯಾಗಿಯೇ ಎಣಿಸುತ್ತಿದ್ದರು. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ ರೂಪಾಯಿ ಎಂಬ ದರವಿತ್ತು. ಹಾಗಾಗಿ ಗಡಿ ದಾಟಿ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹತ್ತಿ, ಜೋಳ ಮಾರಲು ಹೋದವರು ಮನೆಗೆ ಬಂದು ಮತ್ತೊಮ್ಮೆ ಲೆಕ್ಕ ಹಾಕಬೇಕಾಗುತ್ತಿತ್ತು.

ವಿಕ್ಟೋರಿಯಾ ರಾಣಿಯ ರೂಪಾಯಿಗಳಲ್ಲಿ ಎಷ್ಟು ಬಗೆ?

ಸ್ಥೂಲವಾಗಿ ಮೂರು. ಮೊದಲನೆಯದು 1840ರ ನಮೂದಿರುವ, ಕಂಪನಿಯ ಹೆಸರಿನ, ಕಿರೀಟವಿಲ್ಲದ ತರುಣಿಯ ಮುಖದ ರೂಪಾಯಿ. ಇದರಲ್ಲಿ ರಾಣಿಯ ಹೆಸರು ತಲೆಯ ಮೇಲೆ ಅಖಂಡವಾಗಿ ಸಾಗುವ ಒಂದು ರೂಪ, ತಲೆಯ ಎರಡೂ ಪಕ್ಕಕ್ಕೆ ಒಡೆದು ನಿಲ್ಲುವ ಇನ್ನೊಂದು ರೂಪ ಇವೆ. ಕುತ್ತಿಗೆಯ ಕತ್ತರಿಸಿದ ಭಾಗದಲ್ಲಿ ಕೆತ್ತನೆಗಾರ ವಿಲಿಯಂ ವಯೋನ್‌ನ ಹೆಸರಿನ ಎರಡು ಮೊದಲಕ್ಷರಗಳನ್ನು ಕಾಣಬಹುದು.

1858ರಲ್ಲಿ ಆಡಳಿತ ಕಂಪನಿಯಿಂದ ನೇರವಾಗಿ ಬ್ರಿಟಿಷ್ ಪ್ರಭುತ್ವಕ್ಕೆ ಹೋದ ಮೇಲೆ, 1862ರಲ್ಲಿ ಕಂಪನಿಯ ಹೆಸರಿಲ್ಲದ ರೂಪಾಯಿ ಬಂತು. ಈಗ ರಾಣಿಯ ತಲೆಯ ಮೇಲೆ ಕಿರೀಟ, ಮೈಮೇಲೆ ಜರಿ ಕಸೂತಿಯ ಕುಪ್ಪಸ, ಕೊರಳಲ್ಲಿ ಮುತ್ತಿನ ಸರ. ಈ ಕುಪ್ಪಸ ಭಾರತೀಯರ ಕಣ್ಣಿಗೆ ಒಗ್ಗಲೆಂದೇ ಬಂದದ್ದಿರಬೇಕು ಎಂದು ಅದನ್ನು ನೋಡಿದಾಗಲೆಲ್ಲ ಅನಿಸುತ್ತದೆ. 1862 ಎಂಬ ವರ್ಷವನ್ನೇ 1874ರವರೆಗೆ ಉಳಿಸಿಕೊಂಡದ್ದರಿಂದ ಈ ವರ್ಷದ ರೂಪಾಯಿ ಎಲ್ಲೆಡೆ ಸಿಗುತ್ತದೆ. ಕುಪ್ಪಸದ ಮುಂಭಾಗದ ಕಸೂತಿಯ ವ್ಯತ್ಯಾಸ, ಹಿಂಬದಿಯ ಹೂವಿನ ಆಕಾರ, ವರ್ಷದ ಆಸುಪಾಸಿನ ಸಣ್ಣ ಚುಕ್ಕೆಗಳ ಸಂಖ್ಯೆ ಇವುಗಳನ್ನು ಹಿಡಿದು ಸಂಗ್ರಾಹಕರು ಅದನ್ನು ಹತ್ತಾರು ಉಪಬಗೆಗಳಾಗಿ ವಿಂಗಡಿಸುತ್ತಾರೆ. ಮೂರನೆಯದು 1877ರಿಂದ ಬಂದದ್ದು. ಚಿತ್ರ ಅದೇ, ಆದರೆ ರಾಣಿ ಎಂಬಲ್ಲಿ ಚಕ್ರವರ್ತಿನಿ ಎಂಬರ್ಥದ ಬಿರುದು ಸೇರಿದೆ.

‘ಹಂದಿ ರೂಪಾಯಿ’ ಎಂದರೇನು?

1911ರ ಐದನೆಯ ಜಾರ್ಜ್ ರೂಪಾಯಿಗೆ ಜನರಿಟ್ಟ ಹೆಸರು. ದೊರೆಯ ನಿಲುವಂಗಿಯ ಮೇಲೆ ಇಂಡಿಯನ್ ಎಂಪೈರ್ ಎಂಬ ಪದವಿಯ ಸರಪಣಿಯಿದೆ, ಅದರಲ್ಲಿ ಒಂದು ಪುಟ್ಟ ಆನೆಯಿದೆ. ಶಿಲ್ಪಿ ಬರ್ಟ್ರಾಂ ಮೆಕೆನಲ್ ರೂಪಿಸಿದ ಈ ಚಿತ್ರದಲ್ಲಿ ಆನೆಯ ಕಾಲುಗಳು ಮೋಟಾಗಿ, ಸೊಂಡಿಲು ಚಿಕ್ಕದಾಗಿ ಮೂತಿಯಂತೆ ಕಂಡಿತು. ದೊರೆಯ ಎದೆಯ ಮೇಲೆ ಹಂದಿಯಿದೆ ಎಂಬ ಮಾತು ಹಬ್ಬಿತು. ಮುಸಲ್ಮಾನರ ಧಾರ್ಮಿಕ ಭಾವನೆಗೆ ಧಕ್ಕೆಯಾಗುವ ವಿಷಯವಾದ್ದರಿಂದ ಸರ್ಕಾರ ಗಾಬರಿಗೊಂಡಿತು. ಹೊಡೆದಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ ಹೊರಗೆ ಬಿಟ್ಟಿದ್ದುದು ಸುಮಾರು 7 ಲಕ್ಷ ಮಾತ್ರ. ಉಳಿದವನ್ನು ತಡೆಹಿಡಿದು ಕರಗಿಸಿದರು. 1912ರ ಅಚ್ಚಿನಲ್ಲಿ ಸೊಂಡಿಲನ್ನು ಉದ್ದ ಮಾಡಿ, ಕಿವಿಯನ್ನು ಸ್ಪಷ್ಟಗೊಳಿಸಿ ಆನೆಯನ್ನು ಆನೆಯಾಗಿಯೇ ಮಾಡಲಾಯಿತು. ಎರಡೂ ವರ್ಷದ ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟು, ಸರಪಣಿಯ ಕೆಳಭಾಗವನ್ನು ಭೂತಗಾಜಿನಲ್ಲಿ ನೋಡಿದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. 1857ರ ತೋಟಾಗಳ ಗಲಭೆಯನ್ನು ಮರೆಯದ ಸರ್ಕಾರಕ್ಕೆ ಅಂಗುಲಕ್ಕಿಂತ ಚಿಕ್ಕದಾದ ಒಂದು ಆನೆಯೂ ಸಣ್ಣ ವಿಷಯವಾಗಿರಲಿಲ್ಲ.

ಆಣೆಯ ನಾಣ್ಯಗಳಿಗೆ ಅಲೆಯಂಚು, ಚೌಕದ ಆಕಾರಗಳು ಬಂದದ್ದೇಕೆ?

1907ರಲ್ಲಿ ಏಳನೆಯ ಎಡ್ವರ್ಡ್ ಹೆಸರಿನಲ್ಲಿ ಬಂದ ಅಲೆಯಂಚಿನ ಒಂದಾಣೆಯು ತಾಮ್ರ ಮತ್ತು ನಿಕಲ್ ಮಿಶ್ರಲೋಹದ್ದು. ಬಣ್ಣದಲ್ಲಿ ಬೆಳ್ಳಿಯಂತೆಯೇ ಕಾಣುವ ಇದನ್ನು ಬೆಳ್ಳಿಯ ಪುಡಿನಾಣ್ಯದಿಂದ ಬೇರ್ಪಡಿಸಲು, ಓದಲು ಬಾರದವರೂ ಬೆರಳಿನಿಂದ ಗುರುತಿಸಲು ಆಕಾರ ನೆರವಾಯಿತು. ಹಿಂಬದಿಯಲ್ಲಿ ಬೆಲೆಯನ್ನು ಇಂಗ್ಲಿಷಲ್ಲದೆ ಉರ್ದು, ನಾಗರಿ, ಬಂಗಾಳಿ, ತೆಲುಗು ಲಿಪಿಗಳಲ್ಲಿ ಬರೆದರು. ಕನ್ನಡಕ್ಕೆ ಅಲ್ಲಿ ಜಾಗ ಸಿಗಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಕೊರತೆ ತೀವ್ರವಾದಾಗ 1917ರಲ್ಲಿ ಒಂದು ರೂಪಾಯಿಯ ನೋಟು ಬಂತು. 1918ರಲ್ಲಿ ಅಮೆರಿಕವು ಕಾಯಿದೆಯೊಂದನ್ನು ಮಾಡಿ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತದ ರೂಪಾಯಿಗಾಗಿ ಮಾರಿತು. ಅದೇ ಹೊತ್ತಿನಲ್ಲಿ ಚೌಕಾಕಾರದ ಎರಡಾಣೆ, ಎಂಟು ಮೂಲೆಯ ನಾಲ್ಕಾಣೆ, ದುಂಡನೆಯ ಎಂಟಾಣೆಗಳು ನಿಕಲ್ ಮಿಶ್ರಲೋಹದಲ್ಲಿ ಬಂದವು. ಎಂಟಾಣೆಯನ್ನು ಖೋಟಾ ಮಾಡುವುದು ಸುಲಭವಾಗಿದ್ದರಿಂದ ಅದು ಬೇಗನೆ ಮರೆಯಾಯಿತು.

ಎಂಟನೆಯ ಎಡ್ವರ್ಡ್ ಹೆಸರಿನ ಭಾರತೀಯ ನಾಣ್ಯವಿದೆಯೇ?

ಬ್ರಿಟಿಷ್ ಭಾರತದ್ದಿಲ್ಲ. ಅವನು 1936ರ ಡಿಸೆಂಬರಿನಲ್ಲಿ ಪಟ್ಟ ತ್ಯಜಿಸಿದನು. ಆದರೆ ಕಛ್ ಸಂಸ್ಥಾನವು ಅಷ್ಟರೊಳಗೆ ಅವನ ಹೆಸರಿನಲ್ಲಿ ಕೋರಿ ಎಂಬ ತನ್ನದೇ ನಾಣ್ಯಗಳನ್ನು ಟಂಕಿಸಿ ಮುಗಿಸಿತ್ತು.

ರೂಪಾಯಿಯ ಬೆಳ್ಳಿ ಯಾವಾಗ ಕಡಿಮೆಯಾಯಿತು?

1940ರಲ್ಲಿ. ಅದಕ್ಕೂ ಮುಂಚೆ, 1893ರಲ್ಲಿ, ಸಾರ್ವಜನಿಕರು ಬೆಳ್ಳಿ ತಂದುಕೊಟ್ಟು ರೂಪಾಯಿ ಹೊಡೆಸಿಕೊಳ್ಳುವ ಹಕ್ಕು ರದ್ದಾಗಿ ರೂಪಾಯಿಯ ಬೆಲೆಗೂ ಅದರೊಳಗಿನ ಬೆಳ್ಳಿಯ ಬೆಲೆಗೂ ಇದ್ದ ನೇರ ನಂಟು ಕಡಿದಿತ್ತು. ಆದರೂ ನಾಣ್ಯ ಅದೇ ಆಗಿತ್ತು. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಬೆಳ್ಳಿಯ ಪ್ರಮಾಣ ಶೇಕಡ 50ಕ್ಕೆ ಇಳಿದು, ಉಳಿದ ಪಾಲಿಗೆ ತಾಮ್ರ, ನಿಕಲ್, ಸತು ಸೇರಿದವು. ಖೋಟಾ ತಡೆಯಲು ಅಂಚಿನ ಗೆರೆಗಳ ನಡುವೆ ಒಂದು ಕಾಲುವೆಯನ್ನು ಕೊರೆದು ಅದರೊಳಗೆ ವಿನ್ಯಾಸ ಮೂಡಿಸಿದರು. ಹಳೆಯ ಬೆಳ್ಳಿ ರೂಪಾಯಿಗಳನ್ನು ಸರ್ಕಾರ ಯುದ್ಧದ ವರ್ಷಗಳಲ್ಲಿ ಹಂತ ಹಂತವಾಗಿ ಹಿಂದಕ್ಕೆ ಪಡೆಯಿತು. ಜನರು ಮಾತ್ರ ಕೈಲಾದಷ್ಟನ್ನು ಪೆಟ್ಟಿಗೆಗೆ ಸೇರಿಸಿದರು. ತಾಮ್ರಕ್ಕೂ ಬರ ಬಂದು 1943ರಿಂದ ನಡುವೆ ರಂಧ್ರವಿರುವ ತೂತು ಕಾಸು ಬಂತು. ಕೊನೆಗೆ 1947ರ ರೂಪಾಯಿ ಪೂರ್ತಿ ನಿಕಲ್‌ನದು. ಒಂದು ಬದಿಯಲ್ಲಿ ಆರನೆಯ ಜಾರ್ಜ್, ಇನ್ನೊಂದು ಬದಿಯಲ್ಲಿ ನಡೆಯುತ್ತಿರುವ ಹುಲಿ. ಸ್ವಾತಂತ್ರ್ಯಾನಂತರವೂ ದೊರೆಯ ಮುಖದ ನಾಣ್ಯಗಳೇ ನಡೆದು, 1950ರ ಆಗಸ್ಟ್ 15ರಂದು ಸಾರನಾಥದ ಸಿಂಹಗಳು ಆ ಜಾಗಕ್ಕೆ ಬಂದವು.

ನಾಣ್ಯ ಎಲ್ಲಿ ಟಂಕಿಸಿದ್ದೆಂದು ತಿಳಿಯುವುದು ಹೇಗೆ?

ಸಾಮಾನ್ಯವಾಗಿ ಯಾವ ಗುರುತೂ ಇಲ್ಲದಿದ್ದರೆ ಕಲ್ಕತ್ತೆ. ಚುಕ್ಕೆ, ವಜ್ರಾಕೃತಿ ಅಥವಾ ಇಂಗ್ಲಿಷ್ ಬಿ ಅಕ್ಷರವಿದ್ದರೆ ಮುಂಬಯಿ. 1943ರಿಂದ ಕಾಣುವ ಎಲ್ ಅಕ್ಷರ ಲಾಹೋರಿನದು. ಮದ್ರಾಸಿನ ಟಂಕಸಾಲೆ 1869ರಲ್ಲೇ ಮುಚ್ಚಿತು.

ರಾಮ, ಸೀತೆ, ಹನುಮಂತರ ಚಿತ್ರವಿರುವ 1818ರ ಕಂಪನಿ ನಾಣ್ಯ ನನ್ನಲ್ಲಿದೆ. ಲಕ್ಷಾಂತರ ರೂಪಾಯಿ ಬೆಲೆ ಬಾಳುತ್ತದೆಯೇ?

ಇಲ್ಲ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಇವು ದೇವರ ಮನೆಗೂ ತೀರ್ಥಕ್ಷೇತ್ರದ ಅಂಗಡಿಗಳಿಗೂ ತಯಾರಾದ ಇತ್ತೀಚಿನ ಬಿಲ್ಲೆಗಳು. 1616, 1717 ಎಂಬ ವರ್ಷಗಳಿದ್ದರಂತೂ ಯೋಚಿಸುವ ಅಗತ್ಯವೇ ಇಲ್ಲ. ಅಕ್ಕಿಯನ್ನು ಸೆಳೆಯುತ್ತದೆ ಎಂದು ತೋರಿಸಿ ಮಾರುವವರು ತೋರಿಸುತ್ತಿರುವುದು ಕೈಚಳಕವನ್ನು.

ಅಸಲಿ ಬೆಳ್ಳಿ ರೂಪಾಯಿಯನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಒಂದು ಮಟ್ಟಿಗೆ ಬಹುದು. 1835ರ ಕಾಯಿದೆಯ ನಂತರದ, 1940ಕ್ಕಿಂತ ಹಿಂದಿನ ಬ್ರಿಟಿಷ್ ರೂಪಾಯಿ 11.66 ಗ್ರಾಂ ತೂಗಬೇಕು. ಸವೆದಿದ್ದರೆ ತುಸು ಕಡಿಮೆ. ಚಿಕ್ಕ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಿಂದ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. ಅಂಕಿ ಗಣನೀಯವಾಗಿ ಹೆಚ್ಚಾಗಿದ್ದರೆ ಲೋಹ ಬೇರೆ. ಅಯಸ್ಕಾಂತಕ್ಕೆ ಬೆಳ್ಳಿ ಅಂಟಬಾರದು. 1947ರ ನಿಕಲ್ ರೂಪಾಯಿ ಅಂಟುತ್ತದೆ, ಅದು ದೋಷವಲ್ಲ. ಎರಕದ ನಕಲುಗಳ ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು, ಅಂಚಿನಲ್ಲಿ ಬೆಸುಗೆಯ ಗೆರೆ ಕಾಣುತ್ತವೆ. ಅಪರೂಪದ 1939ರ ರೂಪಾಯಿ ಸಿಕ್ಕಿತೆಂದು ಹಿಗ್ಗುವ ಮೊದಲು ಕೊನೆಯ ಅಂಕಿಯನ್ನು ಚೆನ್ನಾಗಿ ನೋಡಬೇಕು, 1938ರ ಎಂಟನ್ನು ಒಂಬತ್ತಾಗಿ ತಿದ್ದುವವರಿದ್ದಾರೆ.

ಹಾಗಾದರೆ ಬೆಲೆ ಎಷ್ಟು?

ವಿಕ್ಟೋರಿಯಾಳ 1862ರ ರೂಪಾಯಿ, ಐದನೆಯ ಜಾರ್ಜ್‌ನ 1912ರಿಂದ 1919ರವರೆಗಿನ ರೂಪಾಯಿಗಳು ಕೋಟಿಗಟ್ಟಲೆ ಹೊರಬಂದವು. ಸವೆದ ಸ್ಥಿತಿಯಲ್ಲಿ ಇವುಗಳ ಬೆಲೆ ಅವುಗಳೊಳಗಿನ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿಯ ಮಾರುವ ದಿನದ ದರಕ್ಕಿಂತ ಬಹಳ ಮೇಲೆ ಹೋಗುವುದಿಲ್ಲ. ಸ್ಥಿತಿ, ಟಂಕಸಾಲೆ, ಉಪಬಗೆ ಈ ಮೂರೂ ಅಪರೂಪವಾದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಕರೆ ಮಾಡುವವರನ್ನು ನಂಬಬಾರದು; ತನ್ನ ಹೆಸರನ್ನು ಬಳಸಿಕೊಂಡು ನಡೆಯುವ ಇಂಥ ವಂಚನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ.

ಕಪ್ಪಾದ ನಾಣ್ಯವನ್ನು ಉಜ್ಜಿ ತೊಳೆಯಬಹುದೇ?

ದಯವಿಟ್ಟು ಬೇಡ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿಗಳಿಂದ ಉಜ್ಜಿದರೆ ಕೆತ್ತನೆಯ ನಯ ಹೋಗಿ ಸಂಗ್ರಾಹಕರ ಕಣ್ಣಿನಲ್ಲಿ ಅರ್ಧ ಬೆಲೆಯೂ ಉಳಿಯುವುದಿಲ್ಲ. ಕೊಕ್ಕೆ ಬೆಸೆದು ಸರಕ್ಕೆ ಪೋಣಿಸಿದ ನಾಣ್ಯಗಳಿಗೂ ಪೇಟೆಯಲ್ಲಿ ಇದೇ ಗತಿ. ಆದರೆ ಲಂಬಾಣಿ ಹೆಂಗಸರ ಒಡವೆಗಳಲ್ಲಿರುವ ರಾಣಿ ರೂಪಾಯಿಗಳನ್ನು ಕಿತ್ತು ಬಿಡಿ ನಾಣ್ಯವಾಗಿ ಮಾರುವುದು ಇನ್ನೂ ದೊಡ್ಡ ನಷ್ಟ. ಆ ಒಡವೆ ಇಡಿಯಾಗಿದ್ದಾಗ ಅದರದೇ ಚರಿತ್ರೆಯಿದೆ.

ಕಾನೂನು ಏನು ಹೇಳುತ್ತದೆ?

ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಆದ್ದರಿಂದ ಹೊರದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ರೂಪಾಯಿಯನ್ನು ಕಳುಹಿಸುವ ಮೊದಲು ಅದರ ವರ್ಷ ನೋಡಿಕೊಳ್ಳಬೇಕು. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯಗಳ ಗಡಿಗೆ ಸಿಕ್ಕರೆ ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ.